ಇನ್ಫರ್ಮೇಷನ್ ಸೈನ್ಸ್, ಬಿಸಿಎ, ಎಂಸಿಎ: ಹಾಕಿದ ದುಡ್ಡು ಮರಳಿ ಬರುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಸಿಇಟಿ ಫಲಿತಾಂಶ ಬಂದ ವಾರ ಮನೆಮನೆಯಲ್ಲೂ ಕೋರ್ಸುಗಳ ಹೆಸರು ನೂರು ಸಲ ಕೇಳಿಸುತ್ತದೆ. ಬಡ್ಡಿಯ ಮಾತು ಒಮ್ಮೆಯೂ ಬರುವುದಿಲ್ಲ. ಈ ಪುಟದಲ್ಲಿ ಬಡ್ಡಿಯ ಮಾತೇ ಹೆಚ್ಚು. ಇಲ್ಲಿರುವ ಶುಲ್ಕದ ಅಂಕಿಗಳು ಅಂದಾಜಿನವು. ಪ್ರತಿ ವರ್ಷ ಸರ್ಕಾರದ ಆದೇಶದೊಂದಿಗೆ ಅವು ಬದಲಾಗುತ್ತವೆ, ಆದ್ದರಿಂದ ಸೀಟು ಒಪ್ಪಿಕೊಳ್ಳುವ ಮುನ್ನ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಪಟ್ಟಿಯನ್ನೇ ನೋಡಿ.

ಇನ್ಫರ್ಮೇಷನ್ ಸೈನ್ಸ್ ಓದಿದವರಿಗೆ ಕಂಪ್ಯೂಟರ್ ಸೈನ್ಸ್‌ನವರಿಗಿಂತ ಕಡಿಮೆ ಸಂಬಳವೇ?

ಅಲ್ಲ. ವಿಟಿಯು 2022ರ ಪಠ್ಯಕ್ರಮದಲ್ಲಿ ಎರಡೂ ವಿಭಾಗಗಳ ಎರಡನೇ ವರ್ಷದ ಮುಖ್ಯ ವಿಷಯಗಳು ಬಹುಪಾಲು ಒಂದೇ: ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್ ಮುಂತಾದವು ಎರಡೂ ಕಡೆ ಇವೆ. ಕ್ಯಾಂಪಸ್‌ಗೆ ಬರುವ ಸಾಫ್ಟ್‌ವೇರ್ ಕಂಪನಿಗಳು ಸಾಮಾನ್ಯವಾಗಿ ಸಿಎಸ್, ಐಎಸ್ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯುತ್ತವೆ. ವ್ಯತ್ಯಾಸ ಇರುವುದು ಕಟ್ ಆಫ್‌ನಲ್ಲಿ. ಒಂದೇ ಕಾಲೇಜಿನಲ್ಲಿ ಐಎಸ್ ಸೀಟು ಸಾಧಾರಣವಾಗಿ ಸಿಎಸ್‌ಗಿಂತ ಹಿಂದಿನ ರ‍್ಯಾಂಕಿಗೂ ಸಿಗುತ್ತದೆ. ಹಾಗಾಗಿ ಪ್ರಯೋಗಾಲಯವೂ ಪಾಠವೂ ಚೆನ್ನಾಗಿರುವ ಕಾಲೇಜಿನಲ್ಲಿ ಐಎಸ್ ಸಿಗುತ್ತಿರುವಾಗ, ಹೆಸರಿನ ಮೋಹಕ್ಕೆ ಬಿದ್ದು ಅದಕ್ಕಿಂತ ಕೆಳದರ್ಜೆಯ ಕಾಲೇಜಿನ ಸಿಎಸ್ ಹಿಡಿಯುವುದು ನಷ್ಟದ ವ್ಯಾಪಾರ. ನೆಂಟರು ಏನನ್ನುತ್ತಾರೋ ಎಂಬ ಚಿಂತೆಗೆ ನಾಲ್ಕು ವರ್ಷ ಕಂದಾಯ ಕಟ್ಟಬೇಡಿ.

ಬಿಇ ಮುಗಿಸಲು ಒಟ್ಟು ಎಷ್ಟು ಖರ್ಚಾಗುತ್ತದೆ?

ಯಾವ ಸೀಟು ಎಂಬುದರ ಮೇಲೆ ಹೋಗುತ್ತದೆ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ವರ್ಷಕ್ಕೆ 40ರಿಂದ 50 ಸಾವಿರ ರೂಪಾಯಿ, ಖಾಸಗಿ ಕಾಲೇಜಿನ ಸಿಇಟಿ ಸೀಟಿಗೆ ಒಂದು ಲಕ್ಷದ ಆಸುಪಾಸು, ಖಾಸಗಿ ಕಾಲೇಜುಗಳ ಒಕ್ಕೂಟವೇ ನಡೆಸುವ ಪರೀಕ್ಷೆಯ (ಕಾಮೆಡ್-ಕೆ) ಸೀಟಿಗೆ ಎರಡರಿಂದ ಮೂರು ಲಕ್ಷ. ಮ್ಯಾನೇಜ್‌ಮೆಂಟ್ ಸೀಟಿಗೆ ಇಷ್ಟೇ ಎಂಬುದಿಲ್ಲ. ಬೆಂಗಳೂರಿನಲ್ಲಿ ಬೇಡಿಕೆ ಹೆಚ್ಚಿರುವ ಕಾಲೇಜುಗಳಲ್ಲಿ ನಾಲ್ಕು ವರ್ಷಗಳ ಮೊತ್ತ 20 ಲಕ್ಷ ದಾಟುವುದು ಅಪರೂಪವಲ್ಲ. ಹಾಸ್ಟೆಲ್, ಊಟ, ಲ್ಯಾಪ್‌ಟಾಪ್, ಓಡಾಟ ಬೇರೆ.

ಗಮನಿಸಿ: ಒಂದೇ ತರಗತಿಯಲ್ಲಿ, ಒಂದೇ ಬೆಂಚಿನ ಮೇಲೆ, ನಾಲ್ಕು ಲಕ್ಷ ಕೊಟ್ಟವರೂ 20 ಲಕ್ಷ ಕೊಟ್ಟವರೂ ಕೂತಿರುತ್ತಾರೆ. ಕೊನೆಗೆ ಇಬ್ಬರ ಕೈಗೂ ಬರುವುದು ಒಂದೇ ಪದವಿ ಪ್ರಮಾಣಪತ್ರ, ಸಂದರ್ಶನಕ್ಕೆ ಬರುವ ಕಂಪನಿಯೂ ಒಂದೇ. ಈ ಪದವಿ ಲಾಭದ್ದೋ ಅಲ್ಲವೋ ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು ಯಾವ ಸೀಟು ಎಂದು.

ಶುಲ್ಕ ಕಡಿಮೆ ಮಾಡಿಕೊಳ್ಳುವ ದಾರಿ ಇದೆಯೇ?

ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಸೂಪರ್‌ನ್ಯೂಮರರಿ (ನಿಗದಿತ ಸಂಖ್ಯೆಯ ಮೇಲೆ ಹೆಚ್ಚುವರಿ) ಕೋಟಾದಲ್ಲಿ ಬೋಧನಾ ಶುಲ್ಕ ಮನ್ನಾ ಇರುವ ಸೀಟುಗಳಿವೆ. ಸಿಇಟಿ ಅರ್ಜಿಯಲ್ಲೇ ಅದನ್ನು ಕೋರಿರಬೇಕು. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ, ಜೂನ್‌ನಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮಗಳ ‘ಅರಿವು’ ಸಾಲ ಬ್ಯಾಂಕಿಗಿಂತ ಎಷ್ಟೋ ಅಗ್ಗ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರವಾಗಿ ಎರಡನೇ ವರ್ಷಕ್ಕೆ ಸೇರಿದರೆ ಒಂದು ವರ್ಷದ ಎಂಜಿನಿಯರಿಂಗ್ ಶುಲ್ಕ ಉಳಿಯುತ್ತದೆ.

ಪ್ಯಾಕೇಜ್ 3.6 ಲಕ್ಷ ಎನ್ನುತ್ತಾರೆ. ತಿಂಗಳಿಗೆ 30 ಸಾವಿರ ಬರುತ್ತದಲ್ಲವೇ?

ಬರುವುದಿಲ್ಲ. ಪ್ಯಾಕೇಜ್ ಅಥವಾ ಸಿಟಿಸಿ ಎಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ. ಕಂಪನಿ ಕಟ್ಟುವ ಭವಿಷ್ಯನಿಧಿ, ಗ್ರಾಚ್ಯುಟಿ, ವಿಮೆ ಎಲ್ಲವೂ ಅದರೊಳಗೇ ಇರುತ್ತವೆ. ಆಮೇಲೆ ನಿಮ್ಮ ಪಾಲಿನ ಭವಿಷ್ಯನಿಧಿ ಕಡಿತ, ಕರ್ನಾಟಕದಲ್ಲಿ ತಿಂಗಳ ಸಂಬಳ 25 ಸಾವಿರ ಮುಟ್ಟಿದರೆ 200 ರೂಪಾಯಿ ವೃತ್ತಿ ತೆರಿಗೆ. ಇಷ್ಟೆಲ್ಲ ಕಳೆದು ಕೈಗೆ ಸಿಗುವುದು 24ರಿಂದ 26 ಸಾವಿರ. ಸಿಟಿಸಿಯ ಒಂದು ಭಾಗ ‘ವೇರಿಯಬಲ್ ಪೇ’ (ಸಾಧನೆ ನೋಡಿ ಕೊಡುವ ಸಂಬಳ) ಆಗಿದ್ದರೆ ಇನ್ನೂ ಕಡಿಮೆ.

ಇದರಲ್ಲಿ ಬೆಂಗಳೂರಿನ ಪಿಜಿ ವಸತಿಗೆ ಊಟ ಸೇರಿ ಎಂಟರಿಂದ ಹನ್ನೆರಡು ಸಾವಿರ ಹೋಗುತ್ತದೆ. ದೊಡ್ಡ ಸೇವಾ ಕಂಪನಿಗಳ ಆರಂಭಿಕ ಸಂಬಳ ಹತ್ತು ವರ್ಷಕ್ಕೂ ಮೇಲ್ಪಟ್ಟು ಮೂರು, ಮೂರೂವರೆ ಲಕ್ಷದ ಸುತ್ತಲೇ ತಿರುಗುತ್ತಿದೆ. ಕಾಲೇಜು ಶುಲ್ಕ, ಬಾಡಿಗೆ, ದೋಸೆಯ ಬೆಲೆ ಯಾವುದೂ ಅಲ್ಲಿಯೇ ನಿಂತಿಲ್ಲ. ಅದೇ ಕಂಪನಿಗಳು ಕಠಿಣ ಕೋಡಿಂಗ್ ಪರೀಕ್ಷೆ ದಾಟಿದವರಿಗೆ ಏಳು ಲಕ್ಷ, ಒಂಬತ್ತು ಲಕ್ಷ ಕೊಡುವುದೂ ಉಂಟು. ಆ ಗುಂಪು ಚಿಕ್ಕದು.

ಶಿಕ್ಷಣ ಸಾಲ ತೆಗೆದುಕೊಂಡರೆ ನಿಜವಾಗಿ ಎಷ್ಟು ಕಟ್ಟಬೇಕು?

ಪೆನ್ನು, ಹಾಳೆ ತೆಗೆದುಕೊಳ್ಳಿ. ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷಕ್ಕೆ 8 ಲಕ್ಷ ಸಾಲ, ಬಡ್ಡಿ ಶೇ. 10.5 ಎಂದಿಟ್ಟುಕೊಳ್ಳೋಣ. ಓದಿನ ಅವಧಿ ಮತ್ತು ಅದರ ಮೇಲೊಂದು ವರ್ಷ ಕಂತು ಕಟ್ಟಬೇಕಾಗಿಲ್ಲ ಎಂದು ಬ್ಯಾಂಕಿನವರು ಹೇಳುತ್ತಾರೆ. ಅದು ನಿಜ. ಬಡ್ಡಿ ಮಾತ್ರ ಹಣ ಬಿಡುಗಡೆಯಾದ ದಿನದಿಂದಲೇ ಬೆಳೆಯುತ್ತಿರುತ್ತದೆ. ಮೊದಲ ವರ್ಷದ 2 ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೇ ವರ್ಷದ್ದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಸರಳ ಬಡ್ಡಿ ಹಾಕಿದರೂ 2,94,000 ರೂಪಾಯಿ. ಮೊದಲ ಕಂತು ಕಟ್ಟುವ ಹೊತ್ತಿಗೆ 8 ಲಕ್ಷದ ಸಾಲ ಸುಮಾರು 10.94 ಲಕ್ಷ ಆಗಿರುತ್ತದೆ.

ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 14,760 ರೂಪಾಯಿ. ಒಟ್ಟು ಕಟ್ಟುವುದು 17.7 ಲಕ್ಷ. ಕೈಗೆ 25 ಸಾವಿರ ಬರುವ ಮಗನೋ ಮಗಳೋ 14,760 ಕಂತು ಕಟ್ಟಿ ಬೆಂಗಳೂರಿನಲ್ಲಿ ಬದುಕುವುದು ಹೇಗೆ? ಬದುಕುವುದಿಲ್ಲ. ಊರಿನಿಂದ ಅಪ್ಪ ಹಣ ಕಳುಹಿಸುತ್ತಿರುತ್ತಾರೆ. ‘ಮಗ ಸಾಫ್ಟ್‌ವೇರ್‌ನಲ್ಲಿದ್ದಾನೆ’ ಎಂದು ಊರಲ್ಲಿ ಹೇಳಿಕೊಳ್ಳುವ ಎಷ್ಟೋ ಮನೆಗಳ ಲೆಕ್ಕಪುಸ್ತಕ ಮೊದಲ ಎರಡು ವರ್ಷ ಹೀಗೆಯೇ ಇರುತ್ತದೆ.

ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ?

ಸಾಧ್ಯವಿದ್ದರೆ ಕಣ್ಣು ಮುಚ್ಚಿ ಅದನ್ನೇ ಮಾಡಿ. ಮೇಲಿನ ಉದಾಹರಣೆಯಲ್ಲಿ ಮೊದಲ ವರ್ಷ ತಿಂಗಳಿಗೆ 1,750 ರೂಪಾಯಿ, ಎರಡನೇ ವರ್ಷ 3,500, ಮೂರನೇ ವರ್ಷ 5,250, ಆಮೇಲೆ 7,000. ಹೀಗೆ ಕಟ್ಟಿದರೆ ಸಾಲ 8 ಲಕ್ಷದಲ್ಲೇ ನಿಲ್ಲುತ್ತದೆ, ಕಂತು 10,800ರ ಹತ್ತಿರಕ್ಕೆ ಇಳಿಯುತ್ತದೆ. ಈ ಅವಧಿಯಲ್ಲಿ ಬಡ್ಡಿ ಸರಿಯಾಗಿ ಕಟ್ಟಿದವರಿಗೆ ಕೆಲವು ಬ್ಯಾಂಕುಗಳು ಬಡ್ಡಿದರದಲ್ಲಿ ರಿಯಾಯಿತಿಯನ್ನೂ ಕೊಡುತ್ತವೆ.

ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಯೋಜನೆಯಲ್ಲಿ ಈ ಅವಧಿಯ ಪೂರ್ತಿ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. ಮಾನ್ಯತೆ ಪಡೆದ ಸಂಸ್ಥೆಯ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಆಗಿರಬೇಕು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ 8 ಲಕ್ಷದೊಳಗಿನ ಆದಾಯದವರಿಗೆ, 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರಷ್ಟು ಬಡ್ಡಿ ನೆರವಿದೆ. ಅದು ಪಟ್ಟಿಯಲ್ಲಿರುವ ಉತ್ತಮ ಸಂಸ್ಥೆಗಳಿಗೆ ಮಾತ್ರ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇಲ್ಲ. ಅರ್ಜಿ ಹಾಕದವರಿಗೆ ಯಾವ ಯೋಜನೆಯೂ ತಾನಾಗಿ ಬಂದು ಸೇರುವುದಿಲ್ಲ, ಶಾಖೆಯಲ್ಲಿ ಯೋಜನೆಯ ಹೆಸರು ಹೇಳಿಯೇ ಕೇಳಬೇಕು.

ಹಾಗಾದರೆ ಎಷ್ಟು ಸಾಲ ಮಾಡಬಹುದು?

ನನ್ನ ಲೆಕ್ಕ ಹೀಗಿದೆ: ಕನಸಿನ ಕೆಲಸವನ್ನು ಬಿಟ್ಟು ಸಾಧಾರಣ ಮೊದಲ ಕೆಲಸವನ್ನೇ ಹಿಡಿದು, ಕಂತು ಕೈಗೆ ಬರುವ ಸಂಬಳದ ಮೂರನೇ ಒಂದು ಪಾಲನ್ನು ಮೀರಬಾರದು. 25 ಸಾವಿರಕ್ಕೆ ಅದು 8 ಸಾವಿರ. ಶೇ. 10.5ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ 8 ಸಾವಿರದ ಕಂತು ಹೊರುವ ಸಾಲ ಸುಮಾರು 5.9 ಲಕ್ಷ. ಓದುವ ಕಾಲದ ಬಡ್ಡಿ ಕಳೆದರೆ ನಾಲ್ಕು ವರ್ಷದಲ್ಲಿ ಪಡೆಯಬಹುದಾದ ಅಸಲು 4.3 ಲಕ್ಷ.

ಇದು ಖಾಸಗಿ ಕಾಲೇಜಿನ ಸಿಇಟಿ ಸೀಟಿನ ನಾಲ್ಕು ವರ್ಷದ ಶುಲ್ಕಕ್ಕೆ ಹೆಚ್ಚು ಕಡಿಮೆ ಸಮ. ಅಂದರೆ ಸಿಇಟಿ ಸೀಟಿನ ಶುಲ್ಕವನ್ನು ಸಾಲದಿಂದ, ಊಟ ವಸತಿಯನ್ನು ಮನೆಯಿಂದ ನೋಡಿಕೊಂಡರೆ ಈ ಪದವಿ ತನ್ನ ಖರ್ಚನ್ನು ತಾನೇ ತೀರಿಸುತ್ತದೆ. 4 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡಮಾನವೂ ಬೇಡ, ಕೈಯಿಂದ ಹಾಕುವ ಮಾರ್ಜಿನ್ ಹಣವೂ ಬೇಡ. 7.5 ಲಕ್ಷದವರೆಗೆ ಸರ್ಕಾರದ ಖಾತರಿ ನಿಧಿಯಡಿ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಸಿಗುತ್ತದೆ ಎಂದ ಮಾತ್ರಕ್ಕೆ ಪೂರ್ತಿ ತೆಗೆದುಕೊಳ್ಳಬೇಕೆಂದಿಲ್ಲ.

ಸೈಟು ಮಾರಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಬಹುದೇ?

ಬೆಂಗಳೂರಿನ ಮ್ಯಾನೇಜ್‌ಮೆಂಟ್ ಸೀಟಿಗೆ 20 ಲಕ್ಷ, ಜಿಲ್ಲಾ ಕೇಂದ್ರದ ಕಾಲೇಜಿನ ಸಿಇಟಿ ಸೀಟಿಗೆ 4 ಲಕ್ಷ ಎಂದುಕೊಳ್ಳಿ. ವ್ಯತ್ಯಾಸ 16 ಲಕ್ಷ. ಅದನ್ನು ಶೇ. 7ರ ಠೇವಣಿಯಲ್ಲಿಟ್ಟರೆ ವರ್ಷಕ್ಕೆ 1.12 ಲಕ್ಷ, ತಿಂಗಳಿಗೆ ಸುಮಾರು 9,300 ರೂಪಾಯಿ ಬಡ್ಡಿ. ಮ್ಯಾನೇಜ್‌ಮೆಂಟ್ ಸೀಟಿನ ವಿದ್ಯಾರ್ಥಿ ಇನ್ನೊಬ್ಬನಿಗಿಂತ ತಿಂಗಳಿಗೆ ಅಷ್ಟು ಹೆಚ್ಚು ದುಡಿದರೆ ಬಡ್ಡಿಗೆ ಬಡ್ಡಿ ಸರಿಹೋಯಿತು, ಅಸಲು ಮುಟ್ಟಿಯೇ ಇಲ್ಲ. ಒಳ್ಳೆಯ ಕಂಪನಿಗಳು ಬರುವ ಕಾಲೇಜು, ನಿಜಕ್ಕೂ ಚುರುಕಾಗಿರುವ ವಿದ್ಯಾರ್ಥಿ, ಎರಡೂ ಕೂಡಿದರೆ ಆ ವ್ಯತ್ಯಾಸ ಬರಬಹುದು. ಎರಡರಲ್ಲಿ ಒಂದು ಅನುಮಾನವಿದ್ದರೂ ಮಾರಬೇಡಿ. ಮನೆಯಲ್ಲಿ ಹಣ ಧಾರಾಳವಾಗಿದ್ದರೆ ಮಾತು ಬೇರೆ, ಅಂಥವರು ಈ ಪುಟ ಓದುತ್ತಿರುವುದಿಲ್ಲ.

ಬಿಸಿಎ ಅಗ್ಗವಲ್ಲವೇ? ಅದೇ ಸಾಲದೇ?

ಅಗ್ಗ, ಅದೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಾದರೆ ಸಾಲದ ಮಾತೇ ಬರುವುದಿಲ್ಲ. ಪಿಯುಸಿಯಲ್ಲಿ ವಾಣಿಜ್ಯ ಓದಿದವರಿಗೂ ಬಾಗಿಲು ತೆರೆದಿದೆ. ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ಬಂದಿದ್ದ ನಾಲ್ಕು ವರ್ಷದ ಆನರ್ಸ್ ಪದವಿಯ ಗೊಂದಲ ಮುಗಿದು 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿದೆ. ಅದೇ ವರ್ಷದಿಂದ ಬಿಸಿಎ ಕೋರ್ಸ್‌ಗಳು ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಕ ಸಂಸ್ಥೆಯಾದ ಎಐಸಿಟಿಇ ವ್ಯಾಪ್ತಿಗೂ ಬಂದಿವೆ. ಖಾಸಗಿ ಕಾಲೇಜಾದರೆ ಅನುಮೋದನೆ ಇದೆಯೇ ಎಂದು ನೋಡಿಕೊಳ್ಳಿ.

ತೊಂದರೆ ಇರುವುದು ಮೊದಲ ಸಂಬಳದಲ್ಲಿ. 2024ರ ಆಗಸ್ಟ್‌ನಲ್ಲಿ ಕಾಗ್ನಿಜೆಂಟ್ ಕಂಪನಿ ವರ್ಷಕ್ಕೆ 2.52 ಲಕ್ಷ ರೂಪಾಯಿಯ ನೇಮಕಾತಿ ಪ್ರಕಟಿಸಿದಾಗ ದೇಶದಾದ್ಯಂತ ಟೀಕೆ ಬಂತು. ಅದು ಮೂರು ವರ್ಷದ ಪದವೀಧರರಿಗೆ, ಎಂಜಿನಿಯರ್‌ಗಳಿಗೆ 4ರಿಂದ 12 ಲಕ್ಷ ಕೊಡುತ್ತೇವೆ ಎಂದು ಕಂಪನಿ ಸ್ಪಷ್ಟನೆ ಕೊಟ್ಟಿತು. ಜನ ಆ ಸ್ಪಷ್ಟನೆ ಕೇಳಿ ಸಮಾಧಾನಪಟ್ಟರು. ಬಿಸಿಎ ಓದುವವರು ಗಾಬರಿಯಾಗಬೇಕಾದದ್ದು ಅದೇ ಸ್ಪಷ್ಟನೆ ಕೇಳಿ.

ಆದರೂ ಸಾಲವಿಲ್ಲದ ಬಿಸಿಎ ಪದವೀಧರ, ಒಂದು ವರ್ಷ ಮೊದಲೇ ಕೆಲಸಕ್ಕೆ ಸೇರಿ ಕಂತಿಲ್ಲದ 18 ಸಾವಿರ ಮನೆಗೆ ತಂದರೆ, 14,760 ಕಂತು ಕಟ್ಟುವ ಎಂಜಿನಿಯರ್‌ಗಿಂತ ಆ ವರ್ಷಗಳಲ್ಲಿ ಮೇಲಿರುತ್ತಾನೆ. ನಾಲ್ಕೈದು ವರ್ಷ ಅನುಭವವಾದ ಮೇಲೆ ಹೆಚ್ಚಿನ ಕಂಪನಿಗಳು ಕೇಳುವುದು ಹಿಂದೆ ಏನು ಕೆಲಸ ಮಾಡಿದ್ದೀರಿ ಎಂದೇ ಹೊರತು ಬಿಸಿಎಯೋ ಬಿಇಯೋ ಎಂದಲ್ಲ.

ಬಿಸಿಎ ಮೇಲೆ ಎಂಸಿಎ ಮಾಡಲೇಬೇಕೇ?

ಎಂಸಿಎ ಮೊದಲು ಮೂರು ವರ್ಷವಿತ್ತು, 2020-21ರಿಂದ ಎರಡೇ ವರ್ಷ. ಇದು ಲೆಕ್ಕವನ್ನೇ ಬದಲಿಸಿತು. ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಮೂಲಕ ಸರ್ಕಾರಿ ಕೋಟಾದ ಸೀಟು ಸಿಕ್ಕರೆ ಎಂಸಿಎ ಒಳ್ಳೆಯದು. ಪಿಯುಸಿಯಲ್ಲಾಗಲಿ ಪದವಿಯಲ್ಲಾಗಲಿ ಗಣಿತ ಇದೆಯೇ ನೋಡಿಕೊಳ್ಳಿ.

ಇನ್ನೊಂದು ದಾರಿ, ಕೆಲಸ ಮಾಡುತ್ತಲೇ ಓದುವುದು. ವಿಪ್ರೋದ ವರ್ಕ್ ಇಂಟಿಗ್ರೇಟೆಡ್ ಲರ್ನಿಂಗ್ ಯೋಜನೆ ಬಿಸಿಎ, ಬಿಎಸ್ಸಿ ಪದವೀಧರರನ್ನು ತೆಗೆದುಕೊಂಡು ಕಂಪನಿಯ ಖರ್ಚಿನಲ್ಲೇ ಎಂಟೆಕ್ ಮಾಡಿಸುತ್ತದೆ. ಸ್ಟೈಪೆಂಡ್ ಕಡಿಮೆ, ಸುಮಾರು ಐದು ವರ್ಷದ ಕರಾರು ಇರುತ್ತದೆ. ಐದು ವರ್ಷ ಕಟ್ಟಿಹಾಕಿದಂತೆ ಎಂದು ಮೂಗು ಮುರಿಯುವವರಿದ್ದಾರೆ. ಸಾಲವಿಲ್ಲದೆ ಸ್ನಾತಕೋತ್ತರ ಪದವಿಯೂ ಅನುಭವವೂ ಸಿಗುವಾಗ ಬಡ ಮನೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಕಂಡಿಲ್ಲ.

‘ಅತಿ ಹೆಚ್ಚಿನ ಪ್ಯಾಕೇಜ್ 45 ಲಕ್ಷ’ ಎಂಬ ಫಲಕಗಳನ್ನು ನಂಬಬಹುದೇ?

ಅದು ಒಬ್ಬ ವಿದ್ಯಾರ್ಥಿಯ ಸಂಬಳ, ನಿಮ್ಮ ಮಗಳದ್ದಲ್ಲ. ಸರಾಸರಿಯನ್ನೂ ನಂಬಬೇಡಿ, ನಾಲ್ಕು ದೊಡ್ಡ ಸಂಬಳಗಳು ಅದನ್ನು ಮೇಲೆತ್ತಿಬಿಡುತ್ತವೆ. ಒಬ್ಬನಿಗೇ ಮೂರು ಆಫರ್ ಬಂದರೆ ಮೂರು ಪ್ಲೇಸ್‌ಮೆಂಟ್ ಎಂದು ಎಣಿಸುವ ರೂಢಿಯೂ ಇದೆ. ಕೇಂದ್ರ ಸರ್ಕಾರದ ಎನ್ಐಆರ್‌ಎಫ್ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಕಾಲೇಜುಗಳು ಕೊಟ್ಟ ದತ್ತಾಂಶ ಸಾರ್ವಜನಿಕವಾಗಿ ಸಿಗುತ್ತದೆ. ಎಷ್ಟು ಮಂದಿ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನ ವಿದ್ಯಾರ್ಥಿಯ ಸಂಬಳ ಎಷ್ಟು ಎಂಬುದು ಅದರಲ್ಲಿರುತ್ತದೆ. ಫಲಕ ನೋಡುವ ಬದಲು ಆ ಕಡತ ತೆರೆಯಿರಿ. ಕಾಲೇಜು ಆ ಪಟ್ಟಿಯಲ್ಲೇ ಇಲ್ಲದಿದ್ದರೆ, ಕಳೆದ ವರ್ಷ ಪಾಸಾದ ಐಎಸ್ ವಿದ್ಯಾರ್ಥಿಗಳಲ್ಲಿ ನಾಲ್ವರನ್ನು ಹುಡುಕಿ ಮಾತಾಡಿಸಿ.

ಆಫರ್ ಲೆಟರ್ ಬಂದರೆ ಕೆಲಸ ಸಿಕ್ಕಿದ ಹಾಗೆಯೇ?

ಅಲ್ಲ. 2022ರಲ್ಲಿ ಆಫರ್ ಪಡೆದು 2024ರವರೆಗೂ ಸೇರ್ಪಡೆಯ ದಿನಾಂಕಕ್ಕೆ ಕಾದವರು ಸಾವಿರಾರು ಮಂದಿ. ಕಾಯುವಾಗಲೂ ಬಡ್ಡಿ ನಿಲ್ಲುವುದಿಲ್ಲ. ಆಫರ್ ಕೈಯಲ್ಲಿದ್ದರೂ ಬೇರೆ ಕಡೆ ಪ್ರಯತ್ನಿಸುತ್ತಿರಬೇಕು.

ಎಐ ಬಂದ ಮೇಲೆ ಈ ಪದವಿಗೆ ಬೆಲೆ ಉಳಿಯುತ್ತದೆಯೇ?

ಹೊಸಬರಿಗೆ ಕೊಡುತ್ತಿದ್ದ ಸಣ್ಣ ಕೋಡಿಂಗ್, ಪರೀಕ್ಷಾ ಕೆಲಸಗಳು ಯಂತ್ರಕ್ಕೆ ಹೋಗುತ್ತಿವೆ. 2025ರಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇ. 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕೈಬಿಡುವುದಾಗಿ ಹೇಳಿತು, ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು. ಹತ್ತು ವರ್ಷದ ಕಂತು ಕಟ್ಟುವವರಿಗೆ ಇದರ ಅರ್ಥ ಸ್ಪಷ್ಟ: ಇಂದಿನ ಸಂಬಳ ಹತ್ತು ವರ್ಷವೂ ಏರುತ್ತಲೇ ಇರುತ್ತದೆಂದು ನಂಬಿ ಸಾಲ ಮಾಡಬೇಡಿ.

ಇನ್ನೊಂದು ಕಡೆ, ವಿದೇಶಿ ಕಂಪನಿಗಳ ಜಾಗತಿಕ ಸಾಮರ್ಥ್ಯ ಕೇಂದ್ರಗಳು ದೇಶದಲ್ಲೇ ಅತಿ ಹೆಚ್ಚು ಇರುವುದು ಬೆಂಗಳೂರಿನಲ್ಲಿ. ಅವುಗಳಿಗಾಗಿಯೇ ರಾಜ್ಯ 2024ರಲ್ಲಿ ಪ್ರತ್ಯೇಕ ನೀತಿ ತಂದಿತು. ಬ್ಯಾಂಕು, ಚಿಲ್ಲರೆ ವ್ಯಾಪಾರ, ವಿಮೆಯ ಈ ಕೇಂದ್ರಗಳಿಗೆ ವ್ಯವಹಾರವೂ ದತ್ತಾಂಶವೂ ಅರ್ಥವಾಗುವವರು ಬೇಕು. ಸರಕು ದಾಸ್ತಾನು ಹೇಗೆ ಓಡುತ್ತದೆ, ಬಿಲ್ಲು ಎಲ್ಲಿ ತಪ್ಪುತ್ತದೆ ಎಂದು ತಿಳಿದು ಅದಕ್ಕೆ ಎಸ್‌ಕ್ಯುಎಲ್ (ದತ್ತಾಂಶ ಹುಡುಕಿ ತೆಗೆಯುವ ಭಾಷೆ) ಬರೆಯಬಲ್ಲವರ ಬೆಲೆ ಇಳಿದಿಲ್ಲ.

ಕೋಡಿಂಗ್ ಇಷ್ಟವಿಲ್ಲದಿದ್ದರೆ?

ಡೇಟಾಬೇಸ್ ನಿರ್ವಹಣೆ, ಎಸ್‌ಎಪಿ ಎಂಬ ವ್ಯವಹಾರ ತಂತ್ರಾಂಶ, ಐಟಿ ಆಡಿಟ್, ಸೈಬರ್ ಭದ್ರತೆಯ ನಿಗಾ, ಬಿಸಿನೆಸ್ ಅನಾಲಿಸ್ಟ್ ಹುದ್ದೆಗಳಿವೆ. ಆದರೆ ಅಲ್ಲಿಗೂ ಪ್ರವೇಶ ಪರೀಕ್ಷೆಯಲ್ಲಿ ಕೋಡಿಂಗ್ ಇರುತ್ತದೆ. ಕೋಡಿಂಗ್ ನೋಡಿದರೇ ತಲೆನೋವು ಬರುವವರಿಗೆ ಬಿಕಾಂ ಓದಿ ಲೆಕ್ಕಪತ್ರದ ತಂತ್ರಾಂಶ ಕಲಿಯುವುದು ಅಗ್ಗವೂ ನೆಮ್ಮದಿಯೂ ಆದೀತು.

ಸರ್ಕಾರಿ ಕೆಲಸಕ್ಕೆ ಈ ಪದವಿ ಉಪಯೋಗವೇ?

‘ಯಾವುದೇ ಪದವಿ’ ಎನ್ನುವ ಹುದ್ದೆಗಳಿಗೆ ಬಿಸಿಎಯೂ ಸಾಕು, ಬಿಇಯೂ ಸರಿ. ಸಾರ್ವಜನಿಕ ಬ್ಯಾಂಕುಗಳ ಐಟಿ ಅಧಿಕಾರಿ ಹುದ್ದೆಗೆ ಮಾತ್ರ ಬಿಸಿಎಯೊಂದೇ ಸಾಲದು. ನಾಲ್ಕು ವರ್ಷದ ಎಂಜಿನಿಯರಿಂಗ್, ಎಂಸಿಎಯಂಥ ಸ್ನಾತಕೋತ್ತರ ಪದವಿ ಅಥವಾ ಪದವಿಯ ಜೊತೆ ಕೇಂದ್ರದ ಎನ್ಐಇಎಲ್ಐಟಿ ಸಂಸ್ಥೆಯ ‘ಬಿ ಲೆವೆಲ್’ ಕಂಪ್ಯೂಟರ್ ಪ್ರಮಾಣಪತ್ರ ಬೇಕು. ಪದವಿ ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದರೆ ಶೇ. 55 ಅಂಕದ ಎಂಸಿಎ ಮತ್ತು ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಪರೀಕ್ಷೆಗೆ ಕೂರುವುದೇ ಗುರಿಯಾಗಿದ್ದರೆ ಅಗ್ಗದ ಪದವಿ ಓದಿ, ಉಳಿದ ಹಣವನ್ನು ಸಿದ್ಧತೆಯ ವರ್ಷಗಳಿಗೆ ಇಟ್ಟುಕೊಳ್ಳಿ.

ಅಮೆರಿಕದಲ್ಲಿ ಇನ್ಫರ್ಮೇಷನ್ ಸಿಸ್ಟಮ್ಸ್ ಎಂಎಸ್ ಮಾಡಿದರೆ?

50 ಲಕ್ಷ ಸಾಲ, ಅದೇ ಶೇ. 10.5ರ ಬಡ್ಡಿ, ಹತ್ತು ವರ್ಷ: ಕಂತು ಸುಮಾರು 67,500 ರೂಪಾಯಿ. ಅಡಮಾನವಿಲ್ಲದ ಸಾಲಕ್ಕೆ ದರ ಇನ್ನೂ ಹೆಚ್ಚಿರುತ್ತದೆ. ಡಾಲರ್‌ನಲ್ಲಿ ದುಡಿಯುವವರೆಗೆ ಇದು ಭಾರವಲ್ಲ. ಮರಳಿ ಬಂದರೆ ಈ ಕಂತು ಕಟ್ಟುವಷ್ಟು ಸಂಬಳ ಇಲ್ಲಿ ತಕ್ಷಣ ಸಿಗುವುದು ಕಷ್ಟ. ಆದ್ದರಿಂದ ಇಡೀ ಲೆಕ್ಕ ಅಲ್ಲಿ ಎಷ್ಟು ವರ್ಷ ಉಳಿಯಬಹುದು ಎಂಬುದರ ಮೇಲೆ ನಿಂತಿದೆ.

ಓದಿನ ನಂತರ ಒಂದು ವರ್ಷ ಕೆಲಸದ ಅನುಮತಿ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯ ಕೋರ್ಸ್ ಆದರೆ ಇನ್ನೆರಡು ವರ್ಷ. ಬಿಸಿನೆಸ್ ಸ್ಕೂಲ್ ನಡೆಸುವ ಎಲ್ಲ ಇನ್ಫರ್ಮೇಷನ್ ಸಿಸ್ಟಮ್ಸ್ ಕೋರ್ಸ್‌ಗಳೂ ಆ ಪಟ್ಟಿಯಲ್ಲಿರುತ್ತವೆ ಎಂದುಕೊಳ್ಳಬೇಡಿ. ವಿಶ್ವವಿದ್ಯಾಲಯಕ್ಕೆ ಇಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ. ಮುಂದಿನದು ಎಚ್-1ಬಿ ಕೆಲಸದ ವೀಸಾದ ಲಾಟರಿ: ವರ್ಷಕ್ಕೆ 65 ಸಾವಿರ, ಅಲ್ಲಿನ ಸ್ನಾತಕೋತ್ತರ ಪದವೀಧರರಿಗೆ ಹೆಚ್ಚುವರಿ 20 ಸಾವಿರ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕದ ಆದೇಶ ಬಂತು. ಅಮೆರಿಕದೊಳಗೇ ಇದ್ದು ವಿದ್ಯಾರ್ಥಿ ವೀಸಾದಿಂದ ಬದಲಾಗುವವರಿಗೆ ಅದು ಅನ್ವಯಿಸದು ಎಂದು ನಂತರ ಹೇಳಲಾಯಿತು. ಇಷ್ಟು ಬೇಗ ನಿಯಮ ಬದಲಾಗುವ ಕಡೆ ಅಪ್ಪ ಅಮ್ಮ ವಾಸವಿರುವ ಮನೆಯನ್ನು ಅಡವಿಟ್ಟು ಹೋಗುವುದನ್ನು ನಾನು ಒಪ್ಪುವುದಿಲ್ಲ.

ಮಗಳಿಗೆ ಇಷ್ಟು ಖರ್ಚು ಮಾಡಬೇಕೇ?

ಮಗನಿಗೆ ಮಾಡುವಷ್ಟೇ. ಸಿಇಟಿ ರ‍್ಯಾಂಕ್, ಶುಲ್ಕ, ಕಂತು ಯಾವುದೂ ಗಂಡು ಹೆಣ್ಣು ನೋಡುವುದಿಲ್ಲ. ಮದುವೆಗೆಂದು ಕೂಡಿಟ್ಟ ಹಣವಿದ್ದರೆ ಅದರಿಂದ ಓದುವ ಕಾಲದ ಬಡ್ಡಿ ಕಟ್ಟಿ.

ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಸಿಗುತ್ತದಂತೆ?

ಎಂಟು ವರ್ಷದವರೆಗೆ ಬಡ್ಡಿಗೆ ಮಿತಿಯಿಲ್ಲದ ವಿನಾಯಿತಿ ಇದೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆಯೇ ಇಲ್ಲ. ಆದ್ದರಿಂದ ಹೊಸಬರಿಗೆ ಇದರಿಂದ ಸಿಗುವ ಲಾಭ ಸೊನ್ನೆ. ಸಾಲ ಕೊಡಿಸುವ ಏಜೆಂಟರು ಇದನ್ನೇ ದೊಡ್ಡದಾಗಿ ಹೇಳುತ್ತಾರೆ.

ಈಗಾಗಲೇ ಮೂರನೇ ವರ್ಷದಲ್ಲಿದ್ದೇನೆ, ಸಾಲವೂ ಇದೆ. ಈಗೇನು ಮಾಡಲಿ?

ಬ್ಯಾಂಕಿಗೆ ಹೋಗಿ ಇವತ್ತಿನವರೆಗಿನ ಅಸಲು, ಬಡ್ಡಿ ಎಷ್ಟಾಗಿದೆ ಎಂದು ಲಿಖಿತವಾಗಿ ಕೇಳಿ. ಬಡ್ಡಿ ಸಹಾಯಧನಕ್ಕೆ ಅರ್ಹರಾಗಿದ್ದೂ ಅರ್ಜಿ ಹೋಗಿಲ್ಲದಿದ್ದರೆ ಶಾಖಾ ವ್ಯವಸ್ಥಾಪಕರಿಗೆ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಕೊನೆಯ ವರ್ಷದ ಸಾಲವನ್ನು ಪೂರ್ತಿ ಪಡೆಯುವ ಮುನ್ನ ಎಷ್ಟು ಬೇಕೋ ಅಷ್ಟನ್ನೇ ಬಿಡುಗಡೆ ಮಾಡಿಸಿ. ಬ್ಯಾಕ್‌ಲಾಗ್ ಇದ್ದರೆ ಮೊದಲು ಅದನ್ನು ತೀರಿಸಿ, ಏಕೆಂದರೆ ಒಂದೇ ಒಂದು ಬಾಕಿ ವಿಷಯಕ್ಕಾಗಿ ಕ್ಯಾಂಪಸ್ ಸಂದರ್ಶನಕ್ಕೆ ಕೂರಲು ಬಿಡದ ಕಂಪನಿಗಳಿವೆ. ಏಳನೇ ಸೆಮಿಸ್ಟರ್‌ಗೆ ಕಾಯದೆ ಈ ರಜೆಯಲ್ಲೇ ಸ್ಟೈಪೆಂಡ್ ಕೊಡುವ ಇಂಟರ್ನ್‌ಶಿಪ್ ಹುಡುಕಿ. ಪ್ರಮಾಣಪತ್ರಕ್ಕಾಗಿ ನಿಮ್ಮಿಂದಲೇ ಹಣ ಕೇಳುವ ಇಂಟರ್ನ್‌ಶಿಪ್‌ಗಳ ಹತ್ತಿರ ಸುಳಿಯಬೇಡಿ. ಮೊದಲ ಸಂಬಳ ಬಂದ ತಿಂಗಳಿಂದಲೇ, ಕಂತು ಕಟ್ಟಬೇಕಿಲ್ಲದ ವಿರಾಮದ ವರ್ಷ ಇನ್ನೂ ಉಳಿದಿದ್ದರೂ, ಕಂತಿನಷ್ಟು ಹಣವನ್ನು ಸಾಲದ ಖಾತೆಗೆ ಹಾಕಲು ಶುರುಮಾಡಿ. ಬದಲಾಗುವ ಬಡ್ಡಿದರದ ಸಾಲವಾಗಿದ್ದರೆ ಅವಧಿಗೆ ಮುನ್ನ ತೀರಿಸಿದ್ದಕ್ಕೆ ದಂಡ ಇದೆಯೇ ಎಂಬುದನ್ನು ಮಂಜೂರಾತಿ ಪತ್ರದಲ್ಲಿ ಓದಿಕೊಳ್ಳಿ.